ಆ ಬಾಣದ ಗುರುತಿನೊಳಗೆ ಏನು ನಡೆಯುತ್ತದೆ?

ಪ್ರಥಮ ಪಿಯುಸಿ ಜೀವಶಾಸ್ತ್ರದ ಕೊನೆಯ ಅಧ್ಯಾಯ ಹಾರ್ಮೋನುಗಳ ಬಗ್ಗೆ. ಅದರಲ್ಲೊಂದು ಚಿತ್ರವಿದೆ, ವಿಜ್ಞಾನ ವಿಭಾಗದವರೆಲ್ಲ ಒಮ್ಮೆಯಾದರೂ ಅದನ್ನು ಬರೆದಿರುತ್ತೀರಿ. ಅಂಡಾಶಯದ ಜೀವಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಎಫ್‌ಎಸ್‌ಎಚ್ ಬಂದು ಸೇರುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಅಥವಾ ಕ್ಯಾಲ್ಸಿಯಂ ಎಂಬ ‘ದ್ವಿತೀಯ ಸಂದೇಶವಾಹಕ’ ಉಂಟಾಗುತ್ತದೆ. ಅಲ್ಲಿಂದ ಕೆಳಗೆ ಒಂದು ಬಾಣ, ‘ಜೀವರಾಸಾಯನಿಕ ಪ್ರತಿಕ್ರಿಯೆಗಳು’. ಇನ್ನೊಂದು ಬಾಣ, ‘ಅಂಡಾಶಯದ ಬೆಳವಣಿಗೆ’. ಅಲ್ಲಿಗೆ ಚಿತ್ರ ಮುಗಿಯಿತು.

ಹೋದ ವರ್ಷ ಈ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದಾಗ ಮೂರನೇ ಬೆಂಚಿನಿಂದ ಒಂದು ಪ್ರಶ್ನೆ ಬಂತು. “ಸರ್, ಆ ಬಾಣದ ಒಳಗೆ ಎಂತ ಆಗ್ತದೆ?” ಅಂದರೆ, ಸೈಕ್ಲಿಕ್ ಎಎಂಪಿ ಹುಟ್ಟಿದ ತಕ್ಷಣ ಅಂಡಾಶಯ ಹೇಗೆ ಬೆಳೆಯುತ್ತದೆ? ನಡುವೆ ಯಾರು ಕೆಲಸ ಮಾಡಿದರು? ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಪಾಠ ಮುಗಿಸುವ ಅವಸರದಲ್ಲಿ ನಾನು, “ಅದು ಸಿಲೆಬಸ್‌ನಲ್ಲಿಲ್ಲ, ಡಿಗ್ರಿಯಲ್ಲಿ ಕಲಿಯುತ್ತೀರಿ” ಎಂದುಬಿಟ್ಟೆ.

ಮರುದಿನ ಅದೇ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಮಾತ್ರೆಯ ಖಾಲಿ ಪಟ್ಟಿ. ಅದರ ಮೇಲೆ ‘ಇಮ್ಯಾಟಿನಿಬ್ 400 ಮಿಲಿಗ್ರಾಂ’ ಎಂದಿತ್ತು. “ನಮ್ಮ ಅಬ್ಬ ದಿನಾ ತೆಗೆದುಕೊಳ್ಳುವ ಮಾತ್ರೆ ಸರ್. ರಕ್ತದ ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದ್ದಾರೆ. ಕೈನೇಸ್ ಅಂತ ಒಂದು ಪ್ರೋಟೀನು ನಿಲ್ಲದೆ ಸಿಗ್ನಲ್ ಕೊಡ್ತಾ ಇರ್ತದಂತೆ, ಈ ಮಾತ್ರೆ ಅದನ್ನು ನಿಲ್ಲಿಸ್ತದಂತೆ. ಈಗ ಅಬ್ಬ ಆರಾಮ ಇದ್ದಾರೆ. ಆರಾಮ ಇದ್ದ ಮೇಲೆ ಮಾತ್ರೆ ಯಾಕೆ ಅಂತ ನಡುನಡುವೆ ಬಿಡ್ತಾರೆ. ರಂಜಾನಿನಲ್ಲಿ ಹಗಲು ಊಟ ಇಲ್ಲ ಅಂತ ಸುಮಾರು ದಿನ ಬಿಟ್ಟರು. ನಾನು ಹೇಳಿದರೆ ಕೇಳುವುದಿಲ್ಲ. ಹೇಗೆ ವಿವರಿಸುವುದು ಸರ್?”

ಆಗ ಗೊತ್ತಾಯಿತು, ಅವಳು ಕೇಳಿದ್ದ ಬಾಣ ಅವಳ ಮನೆಯಲ್ಲೇ ಇತ್ತು. ಬಿಎಸ್ಸಿಯಲ್ಲಿ ಓದಿದ್ದನ್ನು ನಾನೂ ಮರೆತಿದ್ದೆ. ಪುಸ್ತಕ ತೆಗೆದು ಮತ್ತೆ ಓದಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ವಿಷಯ ಬರೆಯಲು ಅವಳೂ ಅವಳ ತಂದೆಯೂ ಒಪ್ಪಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

ಮೊದಲು ಕೈನೇಸ್ ಎಂದರೇನು ಎಂದು ನೋಡೋಣ. ಅದೂ ಒಂದು ಕಿಣ್ವ. ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳು ಸಾಲಾಗಿ ಇರುತ್ತವೆ ಎಂದು ನೀವು ಓದಿದ್ದೀರಿ. ಪ್ರೋಟೀನ್ ಕೈನೇಸ್ ಆ ಸಾಲಿನ ಕೊನೆಯ ಫಾಸ್ಫೇಟನ್ನು ಕಳಚಿ ಬೇರೊಂದು ಪ್ರೋಟೀನಿಗೆ ಅಂಟಿಸುತ್ತದೆ. ಎಟಿಪಿ ಆಗ ಎಡಿಪಿ ಆಗುತ್ತದೆ. ಎಲ್ಲಿ ಬೇಕೆಂದರಲ್ಲಿ ಅಂಟಿಸಲು ಆಗುವುದಿಲ್ಲ. ಪ್ರೋಟೀನಿನ ಅಮೈನೋ ಆಮ್ಲಗಳಲ್ಲಿ ಹೈಡ್ರಾಕ್ಸಿಲ್ ಗುಂಪು ಇರುವ ಸೆರಿನ್, ಥ್ರಿಯೋನಿನ್, ಟೈರೋಸಿನ್ ಈ ಮೂರೇ ಮುಖ್ಯ ಜಾಗಗಳು. ನಮ್ಮ ಜೀವಕೋಶಗಳಲ್ಲಿ ಇಂಥ ಗುರುತುಗಳ ಪೈಕಿ ಹೆಚ್ಚಿನವು ಸೆರಿನ್ ಮೇಲೆ, ಸ್ವಲ್ಪ ಥ್ರಿಯೋನಿನ್ ಮೇಲೆ, ಟೈರೋಸಿನ್ ಮೇಲಿನವು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ಈ ಎರಡರಷ್ಟೇ ಎಂಥ ಕೆಲಸ ಮಾಡಬಲ್ಲವು ಎಂಬುದನ್ನು ಮುಂದೆ ನೋಡುತ್ತೀರಿ.

ಒಂದು ಫಾಸ್ಫೇಟ್ ಅಂಟಿದರೆ ಏನು ಮಹಾ ಆಗುತ್ತದೆ? ಫಾಸ್ಫೇಟಿಗೆ ಋಣ ವಿದ್ಯುದಂಶವಿದೆ. ಪ್ರೋಟೀನು ಮಡಚಿಕೊಂಡಿರುವುದೇ ಅಂಥ ಆಕರ್ಷಣೆ–ವಿಕರ್ಷಣೆಗಳ ಲೆಕ್ಕದಲ್ಲಿ. ಒಂದು ಜಾಗದಲ್ಲಿ ಹೊಸದಾಗಿ ಋಣ ಅಂಶ ಬಂದು ಕೂತರೆ ಸುತ್ತಲಿನ ಭಾಗಗಳು ಸ್ವಲ್ಪ ಜರುಗುತ್ತವೆ. ಮುಚ್ಚಿದ್ದ ಜಾಗ ತೆರೆಯಬಹುದು, ತೆರೆದದ್ದು ಮುಚ್ಚಬಹುದು. ಅಷ್ಟರಿಂದಲೇ ಆ ಪ್ರೋಟೀನು ಕೆಲಸ ಶುರುಮಾಡಬಹುದು ಅಥವಾ ನಿಲ್ಲಿಸಬಹುದು. ಹಾಗೆ ಅಂಟಿಸಿದ ಫಾಸ್ಫೇಟನ್ನು ತೆಗೆಯುವ ಇನ್ನೊಂದು ಬಗೆಯ ಕಿಣ್ವಗಳಿವೆ, ಅವುಗಳ ಹೆಸರು ಫಾಸ್ಫಟೇಸ್. ತರಗತಿಯಲ್ಲಿ ನಾನು ಹೇಳಿದ್ದು ಹೀಗೆ: ಕೈನೇಸ್ ಚಾಕ್‌ಪೀಸು, ಫಾಸ್ಫಟೇಸ್ ಡಸ್ಟರು. ಡಸ್ಟರ್ ಇಲ್ಲದ ಬೋರ್ಡಿನ ಗತಿ ಏನೆಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇದನ್ನು ಉಪವಾಸದ ಉದಾಹರಣೆಯಿಂದ ನೋಡಿದರೆ ಸುಲಭ. ಬೆಳಗಿನ ಜಾವ ಸಹರಿ ಮುಗಿಸಿದ್ದೀರಿ. ತರಗತಿಯಲ್ಲಿ ಕೂತಿದ್ದೀರಿ, ಮಧ್ಯಾಹ್ನ ಕಳೆದು ಮೂರು ಗಂಟೆ. ತಿಂದ ಅನ್ನದ ಗ್ಲೂಕೋಸ್ ಯಾವಾಗಲೋ ರಕ್ತದಿಂದ ಹೋಗಿದೆ. ಆದರೂ ನಿಮ್ಮ ಮಿದುಳಿಗೆ ಗ್ಲೂಕೋಸ್ ಸಿಗುತ್ತಿದೆ, ಇಲ್ಲದಿದ್ದರೆ ನೀವು ನನ್ನ ಪಾಠದಲ್ಲಿ ಇನ್ನೂ ಹೆಚ್ಚು ತೂಕಡಿಸುತ್ತಿದ್ದಿರಿ. ಅದು ಬರುವುದು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್‌ನಿಂದ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದನ್ನು ಒಡೆಯಲು ಹೇಳುವುದು ಗ್ಲೂಕಗಾನ್ ಎಂಬ ಹಾರ್ಮೋನು.

ಗ್ಲೂಕಗಾನ್ ಜೀವಕೋಶದ ಒಳಗೆ ಬರುವುದೇ ಇಲ್ಲ. ಹೊರಗಿನ ಗ್ರಾಹಕವನ್ನು ಮುಟ್ಟುತ್ತದೆ. ಪೊರೆಯ ಒಳಬದಿಯಲ್ಲಿ ಸೈಕ್ಲಿಕ್ ಎಎಂಪಿ ತಯಾರಾಗುತ್ತದೆ. ಪಠ್ಯಪುಸ್ತಕದ ಬಾಣ ಇಲ್ಲಿಂದ ಶುರು. ಒಳಗೆ ಪ್ರೋಟೀನ್ ಕೈನೇಸ್ ಎ, ಚಿಕ್ಕದಾಗಿ ಪಿಕೆಎ, ಎಂಬ ಕೈನೇಸ್ ಇದೆ. ಅದರಲ್ಲಿ ನಾಲ್ಕು ತುಂಡುಗಳು: ಎರಡು ಕೆಲಸ ಮಾಡುವವು, ಎರಡು ಅವುಗಳನ್ನು ಹಿಡಿದಿಟ್ಟುಕೊಂಡವು. ಹಿಡಿದಿಟ್ಟ ತುಂಡುಗಳಿಗೆ ಸೈಕ್ಲಿಕ್ ಎಎಂಪಿ ಅಂಟಿದ ಕೂಡಲೇ ಅವು ಹಿಡಿತ ಬಿಡುತ್ತವೆ. ಬಿಡುಗಡೆಯಾದ ಪಿಕೆಎ ಇನ್ನೊಂದು ಕೈನೇಸಿಗೆ ಫಾಸ್ಫೇಟ್ ಹಾಕುತ್ತದೆ. ಅದರ ಹೆಸರು ಫಾಸ್ಫೊರಿಲೇಸ್ ಕೈನೇಸ್. ಅದು ಎಚ್ಚರವಾಗಿ ಗ್ಲೈಕೋಜನ್ ಫಾಸ್ಫೊರಿಲೇಸ್ ಎಂಬ ಕಿಣ್ವಕ್ಕೆ ಫಾಸ್ಫೇಟ್ ಹಾಕುತ್ತದೆ. ಈ ಕೊನೆಯ ಕಿಣ್ವ 800ಕ್ಕೂ ಹೆಚ್ಚು ಅಮೈನೋ ಆಮ್ಲಗಳ ದೊಡ್ಡ ಸರಪಳಿ. ಅದರಲ್ಲಿ ಫಾಸ್ಫೇಟ್ ಬೀಳುವುದು 14ನೆಯ ಸ್ಥಾನದ ಒಂದೇ ಒಂದು ಸೆರಿನ್ ಮೇಲೆ. ಅಷ್ಟಕ್ಕೇ ಅದು ಗ್ಲೈಕೋಜನ್‌ನಿಂದ ಗ್ಲೂಕೋಸನ್ನು ಒಂದೊಂದಾಗಿ ಕಳಚಲು ತೊಡಗುತ್ತದೆ.

ಒಬ್ಬನೇ ಮಾಡಬಹುದಾದ ಕೆಲಸಕ್ಕೆ ಇಷ್ಟು ಜನ ಯಾಕೆ ಎಂದು ನಿಮಗನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಪಿಕೆಎ 10 ಕೈನೇಸ್‌ಗಳನ್ನು ಎಚ್ಚರಿಸಿತು ಎಂದಿಟ್ಟುಕೊಳ್ಳೋಣ. ಅವು ಒಂದೊಂದೂ 10 ಫಾಸ್ಫೊರಿಲೇಸ್‌ಗಳನ್ನು, ಅವು ಒಂದೊಂದೂ 10 ಗ್ಲೂಕೋಸ್‌ಗಳನ್ನು. ಮೂರೇ ಹೆಜ್ಜೆಯಲ್ಲಿ ಒಂದು ಸಾವಿರವಾಯಿತು. ನಮ್ಮ ಸಿದ್ದಾಪುರದಿಂದ ಘಾಟಿಯ ಕಡೆ ಹೋದರೆ ಹೊಸಂಗಡಿಯಲ್ಲಿ ವಾರಾಹಿ ಭೂಗತ ವಿದ್ಯುದಾಗಾರ ಸಿಗುತ್ತದಲ್ಲ, ಅಲ್ಲಿ ನೀರು ಬಿಡುವವನ ಕೈಯಲ್ಲಿ ವಿದ್ಯುತ್ತಿನ ಶಕ್ತಿ ಇರುವುದಿಲ್ಲ, ಶಕ್ತಿ ಇರುವುದು ಮೇಲಿನಿಂದ ಬರುವ ನೀರಿನಲ್ಲಿ. ಹಾರ್ಮೋನೂ ಹಾಗೆಯೇ. ಅದು ತರುವುದು ಸುದ್ದಿ ಮಾತ್ರ. ಖರ್ಚಾಗುವುದು ಜೀವಕೋಶದ ಎಟಿಪಿ.

ಈ ಎಟಿಪಿಯ ಹೆಸರು ಬಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆಯವರ ಜೊತೆ ಕೆಲಸ ಮಾಡಿ, ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಕೊಟ್ಟರು. ಅದೇ ವಿಧಾನದಿಂದ ಸ್ನಾಯುವಿನಲ್ಲಿ ಎಟಿಪಿ ಇರುವುದನ್ನು 1929ರಲ್ಲಿ ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಬೇರೆಯಾಗಿಯೇ ಅದನ್ನು ಕಂಡಿದ್ದರು. ಪಠ್ಯದಲ್ಲಿ ಎಟಿಪಿ ನೂರು ಸಲ ಬರುತ್ತದೆ, ಸುಬ್ಬರಾವ್ ಒಂದು ಸಲವೂ ಬರುವುದಿಲ್ಲ.

ಪ್ರೋಟೀನಿಗೆ ಫಾಸ್ಫೇಟ್ ಹಾಕಿ ಅದನ್ನು ಎಚ್ಚರಿಸಬಹುದು ಎಂದು ತಿಳಿದದ್ದು ಅದಕ್ಕೂ ಕಾಲು ಶತಮಾನದ ನಂತರ, ಅದೂ ಒಂದು ಸೋಸುವ ಕಾಗದದಿಂದ. ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಮೊಲದ ಸ್ನಾಯುವಿನಿಂದ ಫಾಸ್ಫೊರಿಲೇಸ್ ತೆಗೆಯುತ್ತಿದ್ದರು. ಹಿಂದೆ ಕೋರಿ ದಂಪತಿ ಹೇಳಿಕೊಟ್ಟಿದ್ದ ಕ್ರಮದಲ್ಲಿ ಸ್ನಾಯುವಿನ ರಸವನ್ನು ಕಾಗದದಲ್ಲಿ ಸೋಸಬೇಕಿತ್ತು. ಹಾಗೆ ಮಾಡಿದರೆ ಚುರುಕಾದ ರೂಪದ ಕಿಣ್ವ ಸಿಗುತ್ತಿತ್ತು. ಇವರು ಕಾಗದ ಬಿಟ್ಟು ಸೆಂಟ್ರಿಫ್ಯೂಜ್ ಬಳಸಿದಾಗ ಚುರುಕಿಲ್ಲದ ರೂಪ ಮಾತ್ರ ಸಿಕ್ಕಿತು. ಕಾಗದದಲ್ಲಿದ್ದ ಚೂರು ಕ್ಯಾಲ್ಸಿಯಂ ಫಾಸ್ಫೊರಿಲೇಸ್ ಕೈನೇಸನ್ನು ಎಬ್ಬಿಸುತ್ತಿತ್ತು, ಅದು ರಸದಲ್ಲಿದ್ದ ಎಟಿಪಿಯ ಫಾಸ್ಫೇಟನ್ನು ಕಿಣ್ವಕ್ಕೆ ಹಾಕುತ್ತಿತ್ತು. 1955ರಲ್ಲಿ ಅವರು ಇದನ್ನು ಪ್ರಕಟಿಸಿದರು. ನೊಬೆಲ್ ಬಂದದ್ದು 1992ರಲ್ಲಿ. ಲ್ಯಾಬಿನಲ್ಲಿ ನಿಮ್ಮ ಫಲಿತಾಂಶ ಪಕ್ಕದ ಬ್ಯಾಚಿನವರಿಗಿಂತ ಬೇರೆ ಬಂದರೆ ಅವರ ರೆಕಾರ್ಡ್ ನೋಡಿ ತಿದ್ದಬೇಡಿ ಎಂದು ನಾನು ಹೇಳುವುದು ಈ ಕಾಗದದ ನೆನಪಿನಿಂದಲೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ‘ಫಾಸ್ಫೇಟ್ ಬಿದ್ದರೆ ಆನ್, ತೆಗೆದರೆ ಆಫ್’ ಎಂದು ಒಂದೆರಡು ವರ್ಷ ನಾನೇ ಹೇಳಿಕೊಟ್ಟಿದ್ದೆ. ಅದು ಸರಿಯಲ್ಲ. ಯಕೃತ್ತಿನಲ್ಲಿ ಗ್ಲೈಕೋಜನ್ ಒಡೆಯುವ ಕಿಣ್ವವಿರುವಂತೆ ಕಟ್ಟುವ ಕಿಣ್ವವೂ ಇದೆ, ಗ್ಲೈಕೋಜನ್ ಸಿಂಥೇಸ್. ಅದೇ ಪಿಕೆಎ ಅದಕ್ಕೂ ಫಾಸ್ಫೇಟ್ ಹಾಕುತ್ತದೆ, ಆದರೆ ಅದು ಹಾಕಿದೊಡನೆ ನಿಲ್ಲುತ್ತದೆ. ಒಂದು ಕಡೆ ಒಡೆಯುತ್ತಾ ಇನ್ನೊಂದು ಕಡೆ ಕಟ್ಟುತ್ತಾ ಇದ್ದರೆ ಎಟಿಪಿ ದಂಡವಾಗುತ್ತಿತ್ತಲ್ಲ? ಒಂದೇ ಚಾಕ್‌ಪೀಸಿನಿಂದ ಒಂದು ಬಾಗಿಲ ಮೇಲೆ ‘ಬನ್ನಿ’ ಎಂದೂ ಇನ್ನೊಂದರ ಮೇಲೆ ‘ಮುಚ್ಚಿದೆ’ ಎಂದೂ ಬರೆದ ಹಾಗೆ. ಗುರುತಿನ ಅರ್ಥ ಅದು ಯಾವ ಪ್ರೋಟೀನಿನ ಯಾವ ಜಾಗದಲ್ಲಿದೆ ಎಂಬುದರ ಮೇಲಿದೆ.

ಸಂಜೆ ಬಾಂಗ್ ಕೇಳಿ ಖರ್ಜೂರ ಬಾಯಿಗಿಟ್ಟಿರಿ. ಸ್ವಲ್ಪ ಹೊತ್ತಿನಲ್ಲಿ ಇನ್ಸುಲಿನ್ ಬರುತ್ತದೆ. ಇನ್ಸುಲಿನ್ನಿನ ಗ್ರಾಹಕ ತಾನೇ ಒಂದು ಟೈರೋಸಿನ್ ಕೈನೇಸ್. ಹೊರಗಿನ ತುದಿ ಹಾರ್ಮೋನು ಹಿಡಿಯುತ್ತದೆ, ಒಳಗಿನ ತುದಿ ಫಾಸ್ಫೇಟ್ ಹಾಕುತ್ತದೆ. ಈ ಕಡೆಯಿಂದ ಹೊರಟ ಸಂದೇಶ ಏನೇನು ಮಾಡುತ್ತದೆ ನೋಡಿ: ಸೈಕ್ಲಿಕ್ ಎಎಂಪಿಯನ್ನು ಒಡೆಯುವ ಕಿಣ್ವಕ್ಕೆ ಬಲ ಕೊಡುತ್ತದೆ, ಫಾಸ್ಫಟೇಸ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಹಗಲು ಬರೆದದ್ದನ್ನೆಲ್ಲ ಒರೆಸಿಹಾಕುತ್ತದೆ. ಒಡೆಯುವ ಕಿಣ್ವ ನಿಲ್ಲುತ್ತದೆ, ಕಟ್ಟುವ ಕಿಣ್ವ ಶುರುವಾಗುತ್ತದೆ, ಮರುದಿನಕ್ಕೆ ಗ್ಲೈಕೋಜನ್ ತಯಾರು. ಏಕಾದಶಿ ಮಾಡುವವರಿಗೂ ಇದೇ ಲೆಕ್ಕ. ಒರೆಸುವುದು ಆಗದಿದ್ದರೆ ತಿಂದ ಮೇಲೂ ಯಕೃತ್ತು ಗ್ಲೂಕೋಸ್ ಸುರಿಯುತ್ತಲೇ ಇರುತ್ತದೆ. ಟೈಪ್ 2 ಮಧುಮೇಹದಲ್ಲಿ ಆಗುವ ತೊಂದರೆಗಳಲ್ಲಿ ಇದೂ ಒಂದು.

ಹಾಗಾದರೆ ಸಂದೇಶ ನಿಲ್ಲದೇ ಹೋದರೆ ಏನಾಗುತ್ತದೆ? ಮಳೆಗಾಲದಲ್ಲಿ ನಾವು ನೋಡಿರುವ ವಾಂತಿಭೇದಿಯೇ ಇದಕ್ಕೆ ಉತ್ತರ. ಕಾಲರಾ ರೋಗಾಣುವಿನ ವಿಷ ಕರುಳಿನ ಜೀವಕೋಶದೊಳಗೆ ಹೋಗಿ ಸೈಕ್ಲಿಕ್ ಎಎಂಪಿ ತಯಾರಿಸುವ ವ್ಯವಸ್ಥೆಯ ಗುಂಡಿಯನ್ನು ‘ಆನ್’ನಲ್ಲೇ ಸಿಕ್ಕಿಹಾಕಿಸುತ್ತದೆ. ಪಿಕೆಎ ಬಿಡುವಿಲ್ಲದೆ ಫಾಸ್ಫೇಟ್ ಹಾಕುತ್ತದೆ. ಕರುಳಿನ ಗೋಡೆಯಲ್ಲಿ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಕಾಲುವೆ ಇದೆ. ಫಾಸ್ಫೇಟ್ ಬಿದ್ದರೆ ಅದು ತೆರೆಯುತ್ತದೆ. ಕ್ಲೋರೈಡ್ ಹೊರಗೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಗಂಟೆಗಳಲ್ಲಿ ಮನುಷ್ಯ ಬತ್ತಿಹೋಗುತ್ತಾನೆ. ಓಆರ್‌ಎಸ್ ಈ ಕಾಲುವೆಯನ್ನು ಮುಚ್ಚುವುದಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಬರುವ ಬೇರೊಂದು ದಾರಿ ಕರುಳಿನಲ್ಲಿದೆ, ಕಾಲರಾದಲ್ಲೂ ಅದು ಕೆಡುವುದಿಲ್ಲ. ಆ ದಾರಿಯಲ್ಲಿ ನೀರನ್ನು ಒಳಗೆ ಎಳೆದುಕೊಳ್ಳುತ್ತೇವೆ. ಅದಕ್ಕೇ ಉಪ್ಪಿನ ಜೊತೆ ಸಕ್ಕರೆಯೂ ಬೇಕು.

ಇ. ಕೋಲಿ ಜಾತಿಯ ಕೆಲವು ರೋಗಾಣುಗಳು ಇನ್ನೊಂದು ದಾರಿ ಹಿಡಿಯುತ್ತವೆ. ಅವುಗಳ ಒಂದು ವಿಷ ಕರುಳಿನ ಗ್ವಾನಿಲೈಲ್ ಸೈಕ್ಲೇಸ್ ಸಿ ಎಂಬ ಗ್ರಾಹಕಕ್ಕೆ ಅಂಟಿ, ಸೈಕ್ಲಿಕ್ ಜಿಎಂಪಿ ಹೆಚ್ಚಿಸಿ, ಇನ್ನೊಂದು ಕೈನೇಸಿನ ಮೂಲಕ ಅದೇ ಕಾಲುವೆಯನ್ನು ತೆರೆಸುತ್ತದೆ. ಈ ಗ್ರಾಹಕದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಭೇದಿಯಂಥ ವಿಷಯದ ಮೇಲೆ ದೊಡ್ಡ ವಿಜ್ಞಾನಿಗಳು ಜೀವಮಾನ ಕಳೆಯುತ್ತಾರಾ ಎಂದು ಒಬ್ಬ ಹುಡುಗ ನಕ್ಕಿದ್ದ. ಕಳೆಯುತ್ತಾರೆ ಮಾರಾಯ, ಕಳೆಯಬೇಕು.

ಈಗ ಆ ಮಾತ್ರೆಯ ಪಟ್ಟಿಗೆ ಬರೋಣ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್ಫೋರ್ಡ್ ಎಂಬಿಬ್ಬರು ಒಂದು ಬಗೆಯ ರಕ್ತ ಕ್ಯಾನ್ಸರಿನ ಜೀವಕೋಶಗಳಲ್ಲಿ ಒಂದು ಕ್ರೋಮೋಸೋಮು ತೀರ ಚಿಕ್ಕದಾಗಿರುವುದನ್ನು ಕಂಡರು. ಆ ರೋಗದ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯೂಕೇಮಿಯಾ, ಸಿಎಂಎಲ್. ಅದು ಯಾಕೆ ಚಿಕ್ಕದೆಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು: 9ನೆಯ ಮತ್ತು 22ನೆಯ ಕ್ರೋಮೋಸೋಮುಗಳ ತುದಿಗಳು ಮುರಿದು ಅದಲುಬದಲಾಗಿ ಅಂಟಿಕೊಂಡಿದ್ದವು. ದ್ವಿತೀಯ ಪಿಯುಸಿಯವರಿಗೆ ಇದು ಕ್ರೋಮೋಸೋಮುಗಳ ದೋಷದ ಪಾಠಕ್ಕೆ ಒಳ್ಳೆಯ ಉದಾಹರಣೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಬದುಕಿನ ನಡುವೆ ಮೂಳೆಮಜ್ಜೆಯ ಒಂದು ಜೀವಕೋಶದಲ್ಲಿ ಆದದ್ದು. ಮಕ್ಕಳಿಗೂ ಬರುವುದಿಲ್ಲ. ಅವಳು ಇದನ್ನು ಕೇಳಲೇ ಇಲ್ಲ, ಆದರೆ ನಾನು ಹೇಳಿದೆ. ಹೇಳಿದಾಗ ಅವಳ ಮುಖ ನೋಡಿ, ಕೇಳಬೇಕೆಂದಿದ್ದಳು ಎಂದು ತಿಳಿಯಿತು.

9ನೆಯ ಕ್ರೋಮೋಸೋಮಿನಲ್ಲಿರುವ ಎಬಿಎಲ್ ಜೀನ್ ಒಂದು ಟೈರೋಸಿನ್ ಕೈನೇಸ್ ತಯಾರಿಸುತ್ತದೆ. ಅದು ಬೇಡದ ಹೊತ್ತಿನಲ್ಲಿ ಕೆಲಸ ಮಾಡದಂತೆ ಅದರ ತುದಿಯಲ್ಲೇ ಒಂದು ಚಿಲಕವಿದೆ. 22ನೆಯದರ ಬಿಸಿಆರ್ ಜೀನಿನ ತುಂಡು ಬಂದು ಅಂಟಿದಾಗ ಈ ಚಿಲಕವಿರುವ ತುದಿ ಕಳಚಿಹೋಗುತ್ತದೆ. ಅಷ್ಟೇ ಅಲ್ಲ, ಬಿಸಿಆರ್ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುವ ಸ್ವಭಾವದವು. ಹೀಗೆ ಕೂಡಿಕೊಂಡ ಕೈನೇಸ್‌ಗಳು ಒಂದರ ಮೇಲೊಂದು ಫಾಸ್ಫೇಟ್ ಹಾಕಿಕೊಂಡು ಸದಾ ಎಚ್ಚರವಾಗಿಯೇ ಇರುತ್ತವೆ. ಹೊರಗಿನಿಂದ ಯಾವ ಹಾರ್ಮೋನೂ ಬಂದಿಲ್ಲ, ಯಾರೂ ಹೇಳಿಲ್ಲ. ಆದರೂ ಒಳಗೆ ‘ವಿಭಜನೆಯಾಗು, ಸಾಯಬೇಡ’ ಎಂಬ ಸಂದೇಶ ಹೋಗುತ್ತಲೇ ಇದೆ. ಫಾಸ್ಫಟೇಸ್‌ಗಳು ಒರೆಸಿದಷ್ಟೂ ಮತ್ತೆ ಬರೆಯುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುತ್ತವೆ.

ಎಲ್ಲ ಕೈನೇಸ್‌ಗಳಿಗೂ ಎಟಿಪಿ ಬಂದು ಕೂರುವ ಒಂದು ಗುಳಿ ಬೇಕೇ ಬೇಕು. ಆ ಗುಳಿಗೆ ಬೇರೆ ಏನನ್ನಾದರೂ ತುಂಬಿದರೆ? ಇದೇ ಇಮ್ಯಾಟಿನಿಬ್‌ನ ಉಪಾಯ. ಅಮೆರಿಕದ ಆರೆಗಾನ್‌ನ ವೈದ್ಯ ಬ್ರಯನ್ ಡ್ರೂಕರ್ ಮತ್ತು ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯಲ್ಲಿದ್ದ ನಿಕೊಲಸ್ ಲೈಡನ್ ಮುಂತಾದವರ ಕೆಲಸದಿಂದ ಇದು ಬಂತು. 1998ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುವಾಗಿ 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ‘ಎಲ್ಲ ಕೈನೇಸ್‌ಗೂ ಎಟಿಪಿ ಗುಳಿ ಇದ್ದರೆ ಈ ಮಾತ್ರೆ ಎಲ್ಲವನ್ನೂ ನಿಲ್ಲಿಸುವುದಿಲ್ಲವೇ’ ಎಂಬುದು ಒಳ್ಳೆಯ ಪ್ರಶ್ನೆ. ಗುಳಿಯ ಆಕಾರ ಎಲ್ಲದರಲ್ಲೂ ಒಂದೇ ಅಲ್ಲ, ವಿಶೇಷವಾಗಿ ಕೈನೇಸ್ ಮಲಗಿರುವ ಭಂಗಿಯಲ್ಲಿ. ಇಮ್ಯಾಟಿನಿಬ್ ಹಿಡಿಯುವುದು ಎಬಿಎಲ್‌ನ ಆ ಮಲಗಿದ ಭಂಗಿಯನ್ನೇ. ಆದರೂ ಬೇರೆ ಕೆಲವು ಕೈನೇಸ್‌ಗಳಿಗೂ ಅದು ಸ್ವಲ್ಪ ತಾಗುತ್ತದೆ. ಹೊಟ್ಟೆ ತೊಳಸುವುದು, ಕಣ್ಣಿನ ಸುತ್ತ ಊದಿಕೊಳ್ಳುವುದು ಇಂಥ ತೊಂದರೆ ಕೆಲವರಿಗೆ ಬರುವುದುಂಟು.

ಔಷಧದ ಹೆಸರು ‘ಟಿನಿಬ್’ ಎಂದು ಮುಗಿದರೆ ಅದು ಟೈರೋಸಿನ್ ಕೈನೇಸನ್ನು ತಡೆಯುವಂಥದ್ದು ಎಂದು ಗುರುತಿಸಬಹುದು: ಜೆಫಿಟಿನಿಬ್, ಎರ್ಲೋಟಿನಿಬ್, ಡಾಸಾಟಿನಿಬ್. ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಹೇಳಿದಾಗ ಅವನು ನನಗಿಂತ ಹೆಚ್ಚು ಖುಷಿಪಟ್ಟ.

ಇನ್ನು ಆರಾಮ ಇರುವವರು ಮಾತ್ರೆ ಯಾಕೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ. ಇಮ್ಯಾಟಿನಿಬ್ ಮುರಿದ ಕ್ರೋಮೋಸೋಮನ್ನು ಸರಿ ಮಾಡುವುದಿಲ್ಲ. ಕೈನೇಸಿನ ಗುಳಿಯಲ್ಲಿ ಕೂರುತ್ತದೆ, ಏಳುತ್ತದೆ, ಇನ್ನೊಂದು ಕೂರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 18 ಗಂಟೆ. ಎರಡು ಮೂರು ದಿನ ಬಿಟ್ಟರೆ ಗುಳಿಗಳು ಖಾಲಿ. ಅಲ್ಲಿ ಎಟಿಪಿ ಬಂದು ಕೂರುತ್ತದೆ. ಹಳೆಯ ಸಂದೇಶ ಮತ್ತೆ ಶುರು. ಆರಾಮ ಇರುವುದು ಮಾತ್ರೆ ಅಲ್ಲಿ ಕೂತಿರುವುದರಿಂದಲೇ. ಲಂಡನ್ನಿನಲ್ಲಿ 87 ರೋಗಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೇಳಿದ ಮಾತ್ರೆಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಬಹುತೇಕರಿಗೆ ರೋಗ ಬಹಳ ಕೆಳಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಮೂರರಲ್ಲೊಂದು ಪಾಲಿಗೂ ಹಾಗಾಗಿರಲಿಲ್ಲ. ಜೀವಕೋಶಗಳು ಉಳಿದುಕೊಂಡಷ್ಟೂ ಅವುಗಳಲ್ಲಿ ಹೊಸ ರೂಪಾಂತರಕ್ಕೆ ಅವಕಾಶ. ಕೈನೇಸಿನ 315ನೆಯ ಸ್ಥಾನದ ಥ್ರಿಯೋನಿನ್ ಹೋಗಿ ಐಸೊಲ್ಯೂಸಿನ್ ಬಂದರೆ ಸಾಕು, ಗುಳಿಯ ಬಾಗಿಲು ಇಕ್ಕಟ್ಟಾಗಿ ಇಮ್ಯಾಟಿನಿಬ್ ಒಳಗೆ ಹೋಗುವುದೇ ಇಲ್ಲ.

ಈ ಮಾತ್ರೆಯ ಬೆಲೆಯ ಕಥೆಯನ್ನು ವಾಣಿಜ್ಯ ವಿಭಾಗದವರೂ ಓದಬೇಕು. ಮೂಲ ಕಂಪನಿ ನೊವಾರ್ಟಿಸ್‌ನ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಇಲ್ಲಿನ ಕಂಪನಿಗಳು ತಯಾರಿಸಿದ್ದಕ್ಕೆ ಸುಮಾರು 8ರಿಂದ 10 ಸಾವಿರ. ಮಾತ್ರೆಯಲ್ಲಿರುವ ಒಂದು ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಪೇಟೆಂಟ್ ಕೇಳಿತು. ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ಇಲ್ಲವೆಂದಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಪೇಟೆಂಟ್ ಕಾಯ್ದೆಯ 3(ಡಿ) ಕಲಮು ಹೇಳುವುದಿಷ್ಟು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಗುಣದಲ್ಲಿ ಹೆಚ್ಚಳ ತೋರಿಸದೆ ಹೊಸ ಪೇಟೆಂಟ್ ಇಲ್ಲ. ಸ್ಫಟಿಕದ ರೂಪದ ಮೇಲೆ ನಡೆದ ಈ ವಾದದ ಫಲ ನಮ್ಮ ಹಳ್ಳಿಯ ಒಂದು ಮನೆಯ ಕಪಾಟಿನಲ್ಲಿದೆ.

ನಮ್ಮ ರಾಜ್ಯದಲ್ಲಿ ಕೈನೇಸ್‌ಗಳ ಕೆಲಸ ಎಲ್ಲಿ ನಡೆಯುತ್ತದೆ ಎಂದು ಕೇಳಿದವರಿಗೆ ಸ್ವಲ್ಪ ವಿವರ. ಮನುಷ್ಯನ ಜೀನೋಮಿನಲ್ಲಿ 518 ಪ್ರೋಟೀನ್ ಕೈನೇಸ್‌ಗಳಿವೆ ಎಂಬ ಪಟ್ಟಿ 2002ರಲ್ಲಿ ಅಮೆರಿಕದಿಂದ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಶ್ರೀನಿವಾಸನ್, 2021ರಲ್ಲಿ ತೀರಿಕೊಂಡರು, ತಮ್ಮ ತಂಡದೊಡನೆ ಬೇರೆಬೇರೆ ಜೀವಿಗಳ ಜೀನೋಮುಗಳಲ್ಲಿ ಕೈನೇಸ್‌ಗಳನ್ನು ಹುಡುಕಿ ಒಂದು ದತ್ತಕೋಶ ಮಾಡಿದ್ದರು; ಕರಾವಳಿಯವರಾದ ನಮಗೆ ಚೆನ್ನಾಗಿ ಪರಿಚಯವಿರುವ ಮಲೇರಿಯಾದ ಪರಾವಲಂಬಿಯ ಕೈನೇಸ್‌ಗಳನ್ನೂ ಅವರು ಪಟ್ಟಿಮಾಡಿದ್ದರು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರು 2010ರಲ್ಲಿ ‘ನೆಟ್‌ಪಾತ್’ ಎಂಬ ಹೆಸರಿನಲ್ಲಿ ಜೀವಕೋಶದ ಸಂದೇಶ ಮಾರ್ಗಗಳ ನಕ್ಷೆಗಳನ್ನು ಪ್ರಕಟಿಸಿದರು. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ 10, ಕ್ಯಾನ್ಸರಿಗೆ ಸಂಬಂಧಿಸಿದ 10. ನಮ್ಮ ಪಠ್ಯದಲ್ಲಿ ಒಂದು ಬಾಣವಿದೆಯಲ್ಲ, ಅಲ್ಲಿ ಒಂದೊಂದು ನಕ್ಷೆಯಲ್ಲೂ ಬಾಣಗಳ ಬಲೆಯೇ ಇದೆ. ಮಂಗಳೂರು ಬಳಿಯ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲೂ ಪ್ರೋಟೀನುಗಳ ಮೇಲಿನ ಫಾಸ್ಫೇಟ್ ಗುರುತುಗಳ ಅಧ್ಯಯನ ನಡೆಯುತ್ತಿದೆ. ನಮಗೆ ಬಸ್ಸಿನಲ್ಲಿ ಹೋಗಿಬರುವ ದೂರ.

ಕಣ್ಣಿಗೆ ಕಾಣದ ಗುರುತನ್ನು ಅವರು ಹುಡುಕುವುದು ಹೇಗೆ? ತೂಗಿ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಪ್ರೋಟೀನಿನ ತುಣುಕುಗಳ ರಾಶಿಯನ್ನು ಅಳೆಯುತ್ತಾರೆ. ಫಾಸ್ಫೇಟ್ ಅಂಟಿದ ತುಣುಕಿಗೆ ಒಂದು ರಂಜಕ, ಮೂರು ಆಮ್ಲಜನಕ, ಒಂದು ಜಲಜನಕದಷ್ಟು ತೂಕ ಹೆಚ್ಚು. 31, ಮೂರು ಹದಿನಾರು 48, ಮತ್ತೆ 1: ಒಟ್ಟು 80. ಎರಡು ತುಣುಕುಗಳ ನಡುವೆ 80ರ ವ್ಯತ್ಯಾಸ ಕಂಡರೆ ಅಲ್ಲಿ ಒಂದು ಕೈನೇಸ್ ಬಂದುಹೋಗಿದೆ ಎಂದು ಗುಮಾನಿ. ರಸಾಯನಶಾಸ್ತ್ರದ ಮೊದಲ ಅಧ್ಯಾಯ ಬಂದರೆ ಸಾಕು, ಈ ಲೆಕ್ಕ ನೀವೂ ಮಾಡಬಲ್ಲಿರಿ.

ಅಡಿಕೆ ತೋಟಗಳ ನಡುವೆ ಇರುವ ನಾವು ಇನ್ನೊಂದನ್ನು ಬಿಡುವಂತಿಲ್ಲ. ಎಲೆ–ಅಡಿಕೆ–ಹೊಗೆಸೊಪ್ಪು, ಗುಟ್ಕಾ ಜಗಿಯುವವರಲ್ಲಿ ಬರುವ ಬಾಯಿಯ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕ ಹಲವು ಸಲ ಮಿತಿಮೀರಿ ಇರುತ್ತದೆ. ಅದೂ ಇನ್ಸುಲಿನ್ ಗ್ರಾಹಕದಂತೆ ಒಳತುದಿಯಲ್ಲಿ ಟೈರೋಸಿನ್ ಕೈನೇಸ್ ಇರುವಂಥದ್ದು. ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗಾಗಿ 2006ರಲ್ಲಿ ಬಿಡುಗಡೆ ಮಾಡಿದ ನಿಮೋಟುಜುಮ್ಯಾಬ್ ಈ ಗ್ರಾಹಕದ ಹೊರತುದಿಯನ್ನು ಮುಚ್ಚುವ ಪ್ರತಿಕಾಯ. ‘ನಿಬ್’ ಒಳಗೆ ಹೋಗಿ ಎಟಿಪಿಯ ಜಾಗದಲ್ಲಿ ಕೂರುತ್ತದೆ, ‘ಮ್ಯಾಬ್’ ಹೊರಗೇ ನಿಂತು ಬಾಗಿಲು ತಡೆಯುತ್ತದೆ. ಆದರೆ ಬಾಯಿಯ ಕ್ಯಾನ್ಸರಿಗೆ ಇಮ್ಯಾಟಿನಿಬ್‌ನಂಥ ಒಂದೇ ಮಾತ್ರೆಯ ಉತ್ತರ ಇಲ್ಲ. ಸಿಎಂಎಲ್‌ನಲ್ಲಿ ಕೆಟ್ಟದ್ದು ಮುಖ್ಯವಾಗಿ ಒಂದು ಕೈನೇಸ್. ಇಲ್ಲಿ ಹತ್ತಾರು ಜೀನುಗಳು ಕೆಟ್ಟಿರುತ್ತವೆ. ಒಂದು ದಾರಿ ಮುಚ್ಚಿದರೆ ಸಂದೇಶ ಇನ್ನೊಂದರಲ್ಲಿ ಹೋಗುತ್ತದೆ.

ಅವಳು ನನ್ನಿಂದ ಒಂದು ಬಿಳಿ ಹಾಳೆ ಇಸಿದುಕೊಂಡು ಹೋಗಿ, ಮನೆಯಲ್ಲಿ ತಂದೆಗೆ ಚಿತ್ರ ಬರೆದು ತೋರಿಸಿದಳಂತೆ: ಒಂದು ಕುರ್ಚಿ, ಅದರಲ್ಲಿ ಎಟಿಪಿ ಕೂತರೆ ರೋಗ, ಮಾತ್ರೆ ಕೂತರೆ ಆರಾಮ. ಕುರ್ಚಿಯ ಉಪಾಯ ಅವಳದೇ, ನಾನು ಹೇಳಿದ್ದಲ್ಲ. ಮುಂದಿನ ಸಲ ಮಣಿಪಾಲಕ್ಕೆ ತೋರಿಸಲು ಹೋದಾಗ ರಂಜಾನಿನ ವಿಷಯವನ್ನು ಅವರೇ ಡಾಕ್ಟರರ ಬಳಿ ಕೇಳಿದರು. ದಿನಕ್ಕೊಂದೇ ಮಾತ್ರೆ, ಊಟದ ಜೊತೆ ದೊಡ್ಡ ಲೋಟ ನೀರು ಬೇಕು ಅಷ್ಟೆ, ಇಫ್ತಾರಿನ ನಂತರದ ಊಟದ ಜೊತೆ ತೆಗೆದುಕೊಳ್ಳಿ ಎಂದರಂತೆ. ನಿಮ್ಮ ಮನೆಯಲ್ಲಿ ದಿನನಿತ್ಯ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅವರೂ ಉಪವಾಸಕ್ಕೆ ಮೊದಲೇ ತಮ್ಮ ವೈದ್ಯರನ್ನು ಕೇಳಲಿ. ಒಂದು ಮಾತ್ರೆಗೆ ಸರಿಯಾದದ್ದು ಇನ್ನೊಂದಕ್ಕೆ ಸರಿಯಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಅವರ ರಕ್ತದಲ್ಲಿ ಆ ಬಿಸಿಆರ್–ಎಬಿಎಲ್ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಕಳೆದ ಎರಡು ವರದಿಗಳಲ್ಲಿ ಅಂಕಿ ಇಳಿದಿದೆ.

ಪರೀಕ್ಷೆಯಲ್ಲಿ ಆ ಚಿತ್ರ ಕೇಳಿದರೆ ಪುಸ್ತಕದಲ್ಲಿರುವಂತೆಯೇ ಬರೆಯಿರಿ, ಬಾಣದ ಒಳಗೆ ಕೈನೇಸ್ ತುರುಕಿದರೆ ಹೆಚ್ಚಿನ ಅಂಕ ಸಿಗುವುದಿಲ್ಲ. ನೋಟ್ಸಿನಲ್ಲಿ ಮಾತ್ರ ಆ ಬಾಣವನ್ನು ಸ್ವಲ್ಪ ಉದ್ದ ಬರೆದು ಜಾಗ ಬಿಟ್ಟುಕೊಳ್ಳಿ. ಮುಂದಿನ ವಾರ ಬೋರ್ಡಿನ ಮೇಲೆ ಅದನ್ನು ತುಂಬಿಸುತ್ತೇನೆ. ಬರುವಾಗ ಯಾರಾದರೂ ಒಂದು ಡಸ್ಟರ್ ತನ್ನಿ.